ಹರಿದ ಚೀಲಗಳ ಎಣಿಕೆ

ಬೇಸ್‌ಬಾಲ್ ಸಂಘದ ಮಾನ್ಯ ಅಧ್ಯಕ್ಷರೇ, ದೂರದಿಂದ ದಯಮಾಡಿಸಿರುವ ಮುಖ್ಯ ಅತಿಥಿಗಳೇ, ಕಾರ್ಯದರ್ಶಿಗಳೇ, ಆಟ ಬಿಟ್ಟು ಹೊಟ್ಟೆ ಬೆಳೆಸಿಕೊಂಡಿರುವ ನನ್ನ ಹಳೆಯ ತಂಡದ ಗೆಳೆಯರೇ, ಇನ್ನೂ ಹೊಟ್ಟೆ ಬಂದಿರದ ಈಗಿನ ತಂಡದ ಮಕ್ಕಳೇ, ಮತ್ತು ಭಾಷಣಗಳೆಲ್ಲ ಮುಗಿದ ಮೇಲೆ ಚಹಾ ಇದೆ ಎಂಬ ಒಂದೇ ಭರವಸೆಯ ಮೇಲೆ ಕುಳಿತಿರುವ ಸಭಿಕರೇ,

ಕಾರ್ಯದರ್ಶಿಗಳು ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ಆ ಹತ್ತು ನಿಮಿಷದಲ್ಲಿ ಏನು ಹೇಳಬೇಕೆಂದು ಎರಡು ಪುಟ ಟೈಪ್ ಮಾಡಿಸಿಯೂ ಕೊಟ್ಟಿದ್ದಾರೆ. "ಇವರು ಜೀವನಪೂರ್ತಿ ಎಣಿಸುವ ಕೆಲಸ ಮಾಡಿದವರು, ಒಂದು ನಿಮಿಷವೂ ಮೀರುವುದಿಲ್ಲ" ಎಂದು ಈಗ ತಾನೇ ಮೈಕಿನಲ್ಲಿ ಹೇಳಿದರು. ಅವರ ನಂಬಿಕೆಗೆ ನಾನು ಋಣಿ. ನನ್ನ ಎಣಿಕೆಯನ್ನು ನಂಬಿದವರಲ್ಲಿ ಅವರು ಮೊದಲಿಗರೇನಲ್ಲ.

ಇವತ್ತಿಗೆ ಇಪ್ಪತ್ತೈದು ವರ್ಷ. ಹನ್ನೆರಡು ದೇಶಗಳ ಪಂದ್ಯಾವಳಿಗೆ ಹನ್ನೆರಡನೆಯವರಾಗಿ, ಅಂದರೆ ಕಟ್ಟಕಡೆಯವರಾಗಿ ಹೋದ ನಮ್ಮ ತಂಡ, ಹಿಂದಿನ ಮೂರು ಸಲವೂ ಕಪ್ ಹೊತ್ತು ಹೋಗಿದ್ದ ತಂಡವನ್ನು ಎರಡು-ಒಂದರಿಂದ ಸೋಲಿಸಿತು. ಎಪ್ಪತ್ತೊಂಬತ್ತು ಎಸೆತಗಳಲ್ಲಿ ಸೋಲಿಸಿತು. ನನ್ನ ಬೆನ್ನ ಹಿಂದಿನ ಪರದೆಯ ಮೇಲೆ ಆಳೆತ್ತರಕ್ಕೆ ಬರೆದಿರುವುದು ಆ ಎಪ್ಪತ್ತೊಂಬತ್ತನ್ನೇ. ಮಕ್ಕಳ ಅಂಗಿಯ ಮೇಲಿರುವುದೂ ಅದೇ. ಬಾಗಿಲಲ್ಲಿ ನನಗೆ ಕೊಟ್ಟ ಪೆನ್ನಿನ ಮೇಲೂ ಅದೇ ಇದೆ. ಪೆನ್ನು ಬರೆಯುವುದಿಲ್ಲ, ಆ ಮಾತು ಬೇರೆ.

ಅಲ್ಲಿ ಮೂಲೆಯಲ್ಲಿ ಗಾಜಿನ ಪೆಟ್ಟಿಗೆ ನೋಡಿ. ಅದರೊಳಗೆ ಆ ದಿನದ ಚೆಂಡಿದೆ, ನಮಗೆಲ್ಲ ಆಟ ಕಲಿಸಿದ ಡ್ರಿಲ್ ಮೇಷ್ಟ್ರ ಟೊಪ್ಪಿ ಇದೆ. ಎರಡು ಜಾಗ ಖಾಲಿ ಇಟ್ಟಿದ್ದಾರೆ. ಒಂದರಲ್ಲಿ, ನನ್ನ ಕೈಯಲ್ಲಿರುವ ಈ ಎಣಿಸುವ ಯಂತ್ರವನ್ನು ನಾನು ಇಡಬೇಕು. ಇನ್ನೊಂದರಲ್ಲಿ, ಆ ದಿನ ಚೆಂಡು ಎಸೆದವನ ಗ್ಲೌಸನ್ನು ಅವನ ಹೆಂಡತಿ ಇಡಬೇಕು. ಅವನ ಹೆಂಡತಿ ಎಂದರೆ ನನ್ನ ತಂಗಿ. ಮೂರನೆಯ ಸಾಲಿನ ತುದಿಯಲ್ಲಿ, ತಿರುಗದ ಫ್ಯಾನಿನ ಕೆಳಗೆ, ಗ್ಲೌಸನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಾಳೆ. ಬರುವುದಿಲ್ಲ ಎಂದಿದ್ದಳು. ಬಂದಿದ್ದಾಳೆ. ಅವಳನ್ನು ನೋಡಿದ ಮೇಲೆ ಈ ಎರಡು ಪುಟದಲ್ಲಿ ನಾನು ಎಲ್ಲಿದ್ದೇನೆ ಎನ್ನುವುದೇ ಸ್ವಲ್ಪ ತಪ್ಪುತ್ತಿದೆ. ಕ್ಷಮಿಸಬೇಕು.

ಮಕ್ಕಳಿಗಾಗಿ ಮೊದಲಿನಿಂದ ಹೇಳುತ್ತೇನೆ. ನಮ್ಮ ತಂಡ ಅಂದರೆ ಏನು? ಬೇಕರಿಯವನು ಚೆಂಡು ಹಿಡಿಯುವವನು. ಅಂಚೆಯವನು ಹೊರಮೈದಾನದಲ್ಲಿ ಓಡುವವನು. ಇಬ್ಬರು ಎಲೆಕ್ಟ್ರಿಷಿಯನ್ನರು, ಒಬ್ಬ ಕ್ಷೌರಿಕ, ಒಬ್ಬ ಲಾರಿ ಡ್ರೈವರ್. ಭಾನುವಾರ ಬಿಟ್ಟರೆ ಒಟ್ಟಿಗೆ ಸಿಗುತ್ತಿರಲಿಲ್ಲ. ನಾನು ಆಟಗಾರನಲ್ಲ. ಓಡಿದರೆ ಏದುಸಿರು, ಚೆಂಡು ಬಂದರೆ ಕಣ್ಣು ಮುಚ್ಚುವವನು. ಧಾನ್ಯದ ಗೋದಾಮಿನಲ್ಲಿ ಚೀಲ ಎಣಿಸುವ ಗುಮಾಸ್ತ ನಾನು. ತಂಡದಲ್ಲಿಯೂ ನನ್ನ ಕೆಲಸ ಅದೇ, ಎಸೆತ ಎಣಿಸುವುದು. ಕುರುಡರ ಊರಿನಲ್ಲಿ ಒಕ್ಕಣ್ಣ ರಾಜ ಅಂತಾರಲ್ಲ, ಎಣಿಸಲು ಬರುವ ಒಬ್ಬನೇ ಎಂದು ನನಗೂ ಒಂದು ಟೊಪ್ಪಿ ಕೊಟ್ಟಿದ್ದರು.

ಇನ್ನು ಎಸೆಯುವವನು. ಅವನು ಗಾರೆ ಕೆಲಸದವನು. ಮನೆಗಳ ಒಳಚಾವಣಿಗೆ ಗಾರೆ ಬಳಿಯುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಹಾಗಾಗಿ ತಂಡದಲ್ಲಿ ಎಲ್ಲರೂ ಅವನನ್ನು 'ಗಾರೆ' ಎಂದೇ ಕರೆಯುತ್ತಿದ್ದರು. ದಿನವಿಡೀ ಅಟ್ಟಣಿಗೆಯ ಮೇಲೆ ನಿಂತು, ಕತ್ತು ಮೇಲೆತ್ತಿ, ಬಲಗೈಯಿಂದ ತಲೆಯ ಮೇಲಕ್ಕೆ ಗಾರೆ ಚಿಮ್ಮಿಸಿ ಬಳಿಯುತ್ತಿದ್ದ. ಆ ಕೈಗೆ ಚೆಂಡು ಕೊಟ್ಟದ್ದು ಡ್ರಿಲ್ ಮೇಷ್ಟ್ರು. ಅವನು ಎಸೆದ ಚೆಂಡು ಬ್ಯಾಟಿನ ಹತ್ತಿರ ಬಂದು, ಏನೋ ನೆನಪಾದವರಂತೆ ಸಟ್ಟನೆ ಕೆಳಗಿಳಿಯುತ್ತಿತ್ತು. ಹೇಗೋ ಏನೋ, ನಮಗೆ ಯಾರಿಗೂ ಅರ್ಥವಾಗಲಿಲ್ಲ. ಅವನಿಗೂ ಅರ್ಥವಾಗಿರಲಿಲ್ಲ. "ಮೂಲೆಗೆ ಗಾರೆ ಹಾಕೋ ಹಾಗೆ ಹಾಕ್ತೀನಿ, ಅಷ್ಟೇ ಭಾವ" ಅನ್ನುತ್ತಿದ್ದ.

ಭಾವ ಅಂದರೆ ನಾನು. ತಂಗಿಯನ್ನು ಅವನಿಗೆ ಕೊಟ್ಟದ್ದು ನಾನೇ. ಅಪ್ಪ ಅಮ್ಮ ಇಬ್ಬರೂ ಬೇಗ ಹೋದರು. ಅವಳಿಗೆ ನಾನು, ನನಗೆ ಅವಳು. ಜಡೆ ಹಾಕಲು ಕಲಿತದ್ದೂ ಅವಳಿಗಾಗಿ. ಮೊದಲ ತಿಂಗಳು ನಾನು ಹಾಕಿದ ಜಡೆಯನ್ನು ಶಾಲೆಯ ಬಾಗಿಲಲ್ಲಿ ಬಿಚ್ಚಿ ಗೆಳತಿಯ ಹತ್ತಿರ ಮತ್ತೆ ಹಾಕಿಸಿಕೊಳ್ಳುತ್ತಿದ್ದಳಂತೆ. ನನಗೆ ಬೇಜಾರಾಗಬಾರದೆಂದು ಮನೆಯಲ್ಲಿ ಹೇಳುತ್ತಿರಲಿಲ್ಲ. ಇದೂ ಎರಡು ಪುಟದಲ್ಲಿ ಇಲ್ಲ.

ಪಂದ್ಯಾವಳಿಗೆ ಎರಡು ತಿಂಗಳ ಮುಂಚೆ ಗಾರೆಯ ಬಲಭುಜ ಬಾತುಕೊಂಡಿತು. ಮೂಳೆ ಡಾಕ್ಟರು ಒತ್ತಿ ನೋಡಿ, ಎಕ್ಸ್‌ರೇ ಬೆಳಕಿಗೆ ಹಿಡಿದು ನೋಡಿ, ಕೊನೆಗೆ ಹೇಳಿದರು: "ಒಂದು ಪಂದ್ಯಕ್ಕೆ ಎಂಬತ್ತು ಎಸೆತ. ಎಂಬತ್ತೊಂದನೆಯದನ್ನು ಎಸೆದರೆ ನನ್ನ ಹತ್ತಿರ ಬರಬೇಡ. ಅಭ್ಯಾಸ ಪೂರ್ತಿ ಬಂದ್." ತಂಗಿ ಅಲ್ಲೇ ನಿಂತಿದ್ದಳು. ಹೊರಡುವ ದಿನ ರೈಲಿನ ಕಿಟಕಿಗೆ ಬಂದು ಗಂಡನ ಹತ್ತಿರ ಮಾತಾಡಲಿಲ್ಲ, ನನ್ನ ಹತ್ತಿರ ಮಾತಾಡಿದಳು. "ಅಣ್ಣ, ಅವರ ಮಾತು ನಾನು ನಂಬಲ್ಲ. ಆಟ ಅಂದ್ರೆ ಅವರಿಗೆ ಮೈಮೇಲೆ ಎಚ್ಚರ ಇರಲ್ಲ. ನೀನಿದ್ದೀಯ ಅಂತ ಕಳಿಸ್ತಾ ಇದ್ದೀನಿ. ಎಂಬತ್ತು ಅಂದ್ರೆ ಎಂಬತ್ತು." ನಾನು ಈ ಯಂತ್ರವನ್ನು ಎತ್ತಿ ತೋರಿಸಿ ನಕ್ಕೆ. ರೈಲು ಹೊರಟಿತು.

ಈ ಯಂತ್ರದ ವಿಷಯ ಹೇಳಬೇಕು. ಗೋದಾಮಿನ ಎಣಿಕೆಗೆ ಒಂದು ರೀತಿ ಇದೆ. ಹಮಾಲರು ಲಾರಿಯಿಂದ ಚೀಲ ಹೊತ್ತು ಒಳಗೆ ಹೋಗುವಾಗ ಬಾಗಿಲಲ್ಲಿ ನಿಂತು, ಒಂದು ಚೀಲಕ್ಕೆ ಒಂದು ಸಲ ಈ ಗುಂಡಿ ಒತ್ತಬೇಕು. ಟಿಕ್. ಆದರೆ ಚೀಲ ಹರಿದಿದ್ದರೆ ಒತ್ತುವಂತಿಲ್ಲ. ಹರಿದ ಚೀಲ ಎಣಿಕೆಗಿಲ್ಲ. ಅದಕ್ಕೆ ಬದಲಾಗಿ, ಎಡಜೇಬಿನಲ್ಲಿ ತುಂಬಿಟ್ಟುಕೊಂಡ ಸಣ್ಣ ಕಲ್ಲುಗಳಲ್ಲಿ ಒಂದನ್ನು ತೆಗೆದು ಬಲಜೇಬಿಗೆ ಹಾಕಬೇಕು. ಸಂಜೆಗೆ ಯಂತ್ರ ನೋಡಿದರೆ ಗಟ್ಟಿ ಚೀಲ ಎಷ್ಟು, ಬಲಜೇಬು ನೋಡಿದರೆ ಹರಿದದ್ದು ಎಷ್ಟು ಎಂದು ತಿಳಿಯುತ್ತದೆ. ಇಪ್ಪತ್ತು ವರ್ಷ ಹೀಗೆ ಮಾಡಿದವನ ಕೈ ತಲೆಯನ್ನು ಕೇಳಿಕೊಂಡು ಕೆಲಸ ಮಾಡುವುದಿಲ್ಲ. ನನ್ನ ಪ್ಯಾಂಟಿನ ಎಡಜೇಬಿನಲ್ಲಿ ಕಲ್ಲು ಇಲ್ಲದ ದಿನವೇ ಇರಲಿಲ್ಲ. ಪಂದ್ಯಕ್ಕೆ ಹೋಗುವಾಗಲೂ ಅದೇ ಪ್ಯಾಂಟು, ಅವೇ ಕಲ್ಲು. ನೆನಪಿಡಿ.

ಆ ವರ್ಷದ ಪಂದ್ಯಾವಳಿಯ ಗಾಳಿಯೇ ಹಾಗಿತ್ತು. ಮೊದಲ ದಿನ, ಎರಡು ದ್ವೀಪ ಸೇರಿಸಿದರೂ ಒಂದು ಊರಾಗದಂಥ ದೇಶದವರು ಆತಿಥೇಯ ತಂಡವನ್ನೇ ಮಣಿಸಿದರು. ಎರಡನೆಯ ದಿನ ಒಂಬತ್ತನೆಯವರು ಎರಡನೆಯವರನ್ನು ಕೆಡವಿದರು. ಆನೆಗಳೆಲ್ಲ ಜಾರಿ ಬೀಳುತ್ತಿದ್ದವು. ನಾವು ಮಾತ್ರ ಇರುವೆಗಳಾಗಿಯೇ ಉಳಿದು ಮೊದಲ ಪಂದ್ಯವನ್ನು ಹನ್ನೊಂದು ರನ್ನುಗಳಿಂದ ಸೋತೆವು. ಮೂರನೆಯ ದಿನ ನಮ್ಮೆದುರು ಚಾಂಪಿಯನ್ನರು. ಆ ಪಂದ್ಯವನ್ನು ಊರಾಚೆಯ ಎರಡನೆಯ ಮೈದಾನಕ್ಕೆ ಹಾಕಿದ್ದರು. ಟಿವಿಯವರು ಒಬ್ಬರೂ ಬರಲಿಲ್ಲ. ಫಲಿತಾಂಶ ಗೊತ್ತಿದ್ದ ಆಟಕ್ಕೆ ಯಾರು ಕ್ಯಾಮೆರಾ ತರುತ್ತಾರೆ? ಆಗ ಪಂದ್ಯಾವಳಿಯವರು ಎಸೆತ ಎಣಿಸುತ್ತಲೂ ಇರಲಿಲ್ಲ. ರನ್ ಎಷ್ಟು, ಔಟ್ ಎಷ್ಟು, ಅಷ್ಟೇ ಅವರ ಹಾಳೆಯಲ್ಲಿ. ಎಸೆತ ಎಣಿಸಿದವನು ಇಡೀ ಮೈದಾನದಲ್ಲಿ ನಾನೊಬ್ಬನೇ.

ಎರಡನೆಯ ಇನ್ನಿಂಗ್ಸ್‌ನಲ್ಲಿ ನಮಗೆ ಎರಡು ರನ್ ಬಂದವು. ಅಂಚೆಯವನು ಎಡವಿ ಬಿದ್ದು ಬೇಸ್ ಮುಟ್ಟಿದ, ಅದು ಒಂದು. ಇನ್ನೊಂದು ಹೇಗೆ ಬಂತೆಂದು ಇವತ್ತಿಗೂ ನಮ್ಮವರಲ್ಲಿ ಜಗಳ ಇದೆ. ಗಾರೆ ಎಸೆಯುತ್ತಾ ಹೋದ. ಚಾಂಪಿಯನ್ನರು ಬೀಸುತ್ತಾ ಹೋದರು, ಚೆಂಡು ಕೆಳಗಿಳಿಯುತ್ತಾ ಹೋಯಿತು. ಮೂರನೆಯ ಇನ್ನಿಂಗ್ಸ್ ಮುಗಿದಾಗ ಅವರ ಕೋಚ್ ಎದ್ದು ನಿಂತು ತನ್ನ ಹುಡುಗರಿಗೆ ಏನೋ ಹೇಳಿದ. ನಾಲ್ಕನೆಯದರಿಂದ ಅವರ ಆಟ ಬದಲಾಯಿತು. ಹೊಡೆಯುವ ಆಸೆ ಬಿಟ್ಟರು. ಬ್ಯಾಟಿಗೆ ಸುಮ್ಮನೆ ತಾಗಿಸಿ ಚೆಂಡನ್ನು ಗೆರೆಯ ಆಚೆಗೆ ಬಿಡತೊಡಗಿದರು. ಫೌಲ್. ಇನ್ನೊಂದು ಫೌಲ್. ಮತ್ತೊಂದು. ಮಕ್ಕಳಿಗೆ ಗೊತ್ತಿದೆ, ಮೂರು ಸ್ಟ್ರೈಕಿಗೆ ಬ್ಯಾಟಿನವನು ಔಟು, ಆದರೆ ಎರಡು ಸ್ಟ್ರೈಕ್ ಆದ ಮೇಲೆ ಎಷ್ಟು ಫೌಲ್ ಹೊಡೆದರೂ ಔಟಾಗುವುದಿಲ್ಲ. ಚೆಂಡು ಒಳಗೂ ಇಲ್ಲ, ಹೊರಗೂ ಇಲ್ಲ. ಎಸೆಯುವವನ ತೋಳನ್ನು ಸವೆಸುವ ಉಪಾಯ ಅದು. ಒಬ್ಬನಂತೂ ಒಂದೇ ಸಮನೆ ಏಳು ಫೌಲ್ ಹೊಡೆದ.

ಇಲ್ಲಿಯವರೆಗೆ ನಾನು ಈ ಕಥೆಯನ್ನು ಇಪ್ಪತ್ತೈದು ವರ್ಷ ಹೇಳಿದ್ದೇನೆ. ಶಾಲೆಗಳಲ್ಲಿ, ಕ್ಲಬ್ಬುಗಳಲ್ಲಿ, ಇದೇ ಸಭಾಂಗಣದಲ್ಲಿ ನಾಲ್ಕು ಸಲ. ಇಲ್ಲಿಂದ ಮುಂದೆ "ಗಾರೆ ಹೆದರಲಿಲ್ಲ, ಎಪ್ಪತ್ತೊಂಬತ್ತರಲ್ಲಿ ಮುಗಿಸಿದ" ಎನ್ನುತ್ತೇನೆ, ನೀವು ಚಪ್ಪಾಳೆ ತಟ್ಟುತ್ತೀರಿ. ಕಾರ್ಯದರ್ಶಿಗಳ ಎರಡನೆಯ ಪುಟದ ಮೇಲೂ 'ಇಲ್ಲಿ ಚಪ್ಪಾಳೆ' ಎಂದು ಪೆನ್ಸಿಲ್ಲಿನಲ್ಲಿ ಬರೆದಿದೆ.

ಪುಟಗಳನ್ನು ಇಲ್ಲಿ ಇಡುತ್ತೇನೆ. ಅಧ್ಯಕ್ಷರೇ, ಹತ್ತು ನಿಮಿಷ ಮೀರುತ್ತದೆ. ದಯವಿಟ್ಟು ಗಂಟೆ ಬಾರಿಸಬೇಡಿ.

ಐದನೆಯ ಇನ್ನಿಂಗ್ಸ್ ಮುಗಿದಾಗ ಡ್ರಿಲ್ ಮೇಷ್ಟ್ರು ನನ್ನ ಕಡೆ ತಿರುಗಿ "ಎಷ್ಟು?" ಎಂದರು. ಯಂತ್ರ ನೋಡಿದೆ. ನಲವತ್ತನಾಲ್ಕು. ಬಾಯಿ ತೆರೆಯುವ ಮೊದಲು ಕರವಸ್ತ್ರಕ್ಕೆಂದು ಬಲಜೇಬಿಗೆ ಕೈ ಹಾಕಿದೆ. ಬೆರಳಿಗೆ ಕಲ್ಲು ತಾಗಿತು. ಒಂದಲ್ಲ, ಎರಡಲ್ಲ. ಹದಿನೇಳು ಕಲ್ಲು. ನನ್ನ ಕೈ ತನ್ನ ಪಾಡಿಗೆ ತಾನು ಗೋದಾಮಿನ ಕೆಲಸ ಮಾಡುತ್ತಿತ್ತು. ಫೌಲ್ ಆದ ಚೆಂಡು ಅದರ ಲೆಕ್ಕದಲ್ಲಿ ಹರಿದ ಚೀಲ. ಯಂತ್ರ ಒತ್ತದೆ, ಕಲ್ಲನ್ನು ಎಡದಿಂದ ಬಲಕ್ಕೆ ದಾಟಿಸಿತ್ತು. ನಲವತ್ತನಾಲ್ಕಲ್ಲ, ಅರವತ್ತೊಂದು.

ಇಲ್ಲಿಯವರೆಗಿನದು ತಪ್ಪು. ಕೈಯ ತಪ್ಪು. ಯಾರ ಕೈಯಾದರೂ ಮಾಡಬಹುದಾದ ತಪ್ಪು. ಆಗ "ಅರವತ್ತೊಂದು ಮೇಷ್ಟ್ರೇ" ಎಂದು ಹೇಳಿದ್ದರೆ ಇನ್ನೊಂದೂವರೆ ಇನ್ನಿಂಗ್ಸ್ ನೋಡಿ ಗಾರೆಯನ್ನು ಹೊರಗೆ ಕರೆಯುತ್ತಿದ್ದರು. ಅವನ ಬದಲಿಗೆ ಎಸೆಯಲು ಯಾರಿದ್ದರು? ಅಂಚೆಯವನು. ಅಂಚೆಯಣ್ಣ, ನೀನು ಅಲ್ಲೇ ಕುಳಿತಿದ್ದೀಯ, ಬೇಸರಿಸಬೇಡ. ನೀನು ಎಸೆದ ಚೆಂಡು ಯಾವತ್ತೂ ದಾರಿ ತಪ್ಪುತ್ತಿರಲಿಲ್ಲ, ನೇರವಾಗಿ ಎದುರಾಳಿಯ ಬ್ಯಾಟಿನ ವಿಳಾಸಕ್ಕೇ ತಲುಪುತ್ತಿತ್ತು.

ನಾನು "ನಲವತ್ತನಾಲ್ಕು" ಎಂದೆ.

ಯಾಕೆ ಎಂದು ಕೇಳುತ್ತೀರಾ? ನಾನೂ ಕೇಳಿಕೊಂಡಿದ್ದೇನೆ. ಆಸೆ. ಬೇರೆ ಕಾರಣವಿಲ್ಲ. ಸೋತು ಸೋತು ನಮ್ಮ ಬಾಯಿರುಚಿಯೇ ಕೆಟ್ಟುಹೋಗಿತ್ತು. ಬ್ಯಾಟು ಹಿಡಿಯದವನು, ಚೆಂಡು ಮುಟ್ಟದವನು, ಅವತ್ತು ಗೆಲುವು ಸೋಲು ಎರಡೂ ನನ್ನ ಹೆಬ್ಬೆರಳಿನ ಕೆಳಗೆ ಬಂದಿದ್ದವು. ಫೌಲ್ ಅನ್ನು ಆಟವೇ ಲೆಕ್ಕಕ್ಕೆ ಹಿಡಿಯುವುದಿಲ್ಲ, ನಾನೇಕೆ ಹಿಡಿಯಬೇಕು ಎಂದು ನನಗೆ ನಾನೇ ವಕೀಲನಾದೆ. ಕಳ್ಳನಿಗೊಂದು ಪಿಳ್ಳೆನೆವ.

ಏಳನೆಯ ಇನ್ನಿಂಗ್ಸ್ ಮುಗಿದಾಗ ಗಾರೆ ಬಂದು ನನ್ನ ಪಕ್ಕದಲ್ಲೇ ಕುಳಿತ. ಬಲಗೈಯನ್ನು ಎಡಗೈಯಲ್ಲಿ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ. ಮಲಗಿದ ಮಗುವನ್ನು ಹಾಗೆ ಇಡುತ್ತಾರೆ.

"ಭಾವ, ಎಷ್ಟಾಯ್ತು?"

"ಅರವತ್ತೆರಡು."

"ನಿಜವಾಗ್ಲೂ? ತೋಳು ನೂರು ಅಂತಿದೆ ಭಾವ."

"ತೋಳಿಗೆ ಎಣಿಸೋಕೆ ಬರುತ್ತೇನೋ? ಅರವತ್ತೆರಡು. ಬೇಕಾದ್ರೆ ನೋಡು" ಎಂದು ಯಂತ್ರ ತೋರಿಸಿದೆ.

ಅವನು ನಕ್ಕ. "ಅದೂ ನಿಜವೇ ಬಿಡಿ. ಅವಳಿಗೆ ಮಾತು ಕೊಟ್ಟಿದ್ದೀನಿ, ಅದಕ್ಕೇ ಕೇಳ್ದೆ. ಇನ್ನೂ ಹದಿನೆಂಟು ಇದೆ ಹಾಗಾದ್ರೆ." ನೀರು ಕುಡಿದು ಎದ್ದು ಹೋದ. ಆಗ ನನ್ನ ಬಲಜೇಬಿನಲ್ಲಿ ಮೂವತ್ತೊಂದು ಕಲ್ಲಿದ್ದವು. ತೋಳು ಸರಿಯಾಗಿಯೇ ಎಣಿಸಿತ್ತು, ತೊಂಬತ್ತಮೂರು. ಅವನು ತನ್ನ ತೋಳಿನ ಮಾತು ಬಿಟ್ಟು ಭಾವನ ಮಾತು ನಂಬಿದ.

ಒಂಬತ್ತನೆಯ, ಅಂದರೆ ಕಡೆಯ ಇನ್ನಿಂಗ್ಸ್, ಎರಡು ಔಟ್, ಕೊನೆಯ ಬ್ಯಾಟಿನವನು, ಎರಡು ಸ್ಟ್ರೈಕ್. ಕೊನೆಯ ಎಸೆತದಲ್ಲಿ ಚೆಂಡು ಎಂದಿನಂತೆ ಇಳಿಯಿತು, ಅವನು ಗಾಳಿಗೆ ಬೀಸಿದ. ನಾನು ಗುಂಡಿ ಒತ್ತಿದೆ. ಎಪ್ಪತ್ತೊಂಬತ್ತು. ಎಲ್ಲರೂ ಮೈದಾನಕ್ಕೆ ಓಡಿದರು. ಚೆಂಡು ಹಿಡಿದ ಬೇಕರಿಯವನು ಮಾತ್ರ ಓಡದೆ ಕೂತಲ್ಲೇ ಕೂತಿದ್ದ. ಅಷ್ಟು ದೂರದಿಂದ ಅವನಿಗೊಂದು ಸದ್ದು ಕೇಳಿಸಿತಂತೆ, ಒದ್ದೆ ಬಟ್ಟೆ ಹರಿದ ಹಾಗೆ. ಗಾರೆ ಎಸೆಯುವ ದಿಬ್ಬದ ಮೇಲೆ ಮೊಣಕಾಲೂರಿ ಕುಳಿತಿದ್ದ. ಅವನು ಸಂತೋಷಕ್ಕೆ ಅಳುತ್ತಿದ್ದಾನೆಂದು ಎಲ್ಲರೂ ತಿಳಿದರು. ಆ ಗಳಿಗೆಯ ಫೋಟೋ ಹೊರಗಿನ ಗೋಡೆಯ ಮೇಲಿದೆ, ಒಳಗೆ ಬರುವಾಗ ನೀವೂ ನೋಡಿದ್ದೀರಿ. ಕೆಳಗೆ 'ವಿಜಯದ ಕಣ್ಣೀರು' ಎಂದು ಬರೆದಿದ್ದಾರೆ.

ಸಂಜೆ ಉಳಿದವರೆಲ್ಲ ಹೋಟೆಲಿನ ಕೆಳಗೆ ಹಾಡುತ್ತಿದ್ದರು. ನಾನು ಕೋಣೆಯ ಬಾಗಿಲು ಹಾಕಿಕೊಂಡು ಬಲಜೇಬನ್ನು ಹಾಸಿಗೆಯ ಮೇಲೆ ಸುರಿದೆ. ನಲವತ್ತೊಂದು ಕಲ್ಲು. ಎಪ್ಪತ್ತೊಂಬತ್ತು, ನಲವತ್ತೊಂದು, ಒಟ್ಟು ನೂರಿಪ್ಪತ್ತು. ಮೂರು ಸಲ ಎಣಿಸಿದೆ. ಕೆಳಗೆ ಹೋದಾಗ ಪತ್ರಿಕೆಯವನೊಬ್ಬ ಎಷ್ಟು ಎಸೆತ ಎಂದು ಕೇಳಿದ. ಯಂತ್ರ ತೋರಿಸಿದೆ. ಮಾರನೆಯ ದಿನ ಮುಂದಿನ ಪಂದ್ಯವನ್ನು ಗಾರೆಯಿಲ್ಲದೆ ಆಡಿ ಹದಿನಾಲ್ಕು-ಸೊನ್ನೆಯಿಂದ ಸೋತು ಮನೆಗೆ ಬಂದೆವು. ಅದನ್ನು ಯಾರೂ ಪರದೆಯ ಮೇಲೆ ಬರೆಯಲಿಲ್ಲ.

ನಿಲ್ದಾಣದ ತುಂಬ ಜನ. ಹೂವು, ಹಾರ, ಕೂಗು. ತಂಗಿ ಮಾತ್ರ ಕಂಬಕ್ಕೆ ಒರಗಿ ನಿಂತಿದ್ದಳು. ಗಂಡನ ಕೈಗೆ ಬಟ್ಟೆಯ ಜೋಳಿಗೆ ಕಟ್ಟಿದ್ದನ್ನು ನೋಡಿದಳು. ಅವನನ್ನು ಕೇಳಲಿಲ್ಲ, ನನ್ನನ್ನು ಕೇಳಿದಳು. "ಎಷ್ಟು?" ನಾನು "ಎಪ್ಪತ್ತೊಂಬತ್ತು" ಎಂದೆ.

ಮೂಳೆ ಡಾಕ್ಟರು ಕೈ ನೋಡಿ ತಲೆ ಅಲ್ಲಾಡಿಸಿದರು. ಸ್ನಾಯು ಪೂರ್ತಿ ಕಿತ್ತುಹೋಗಿದೆ, ಈ ಕೈ ಇನ್ನು ಭುಜದ ಮೇಲಕ್ಕೆ ಏಳುವುದಿಲ್ಲ ಎಂದರು. ಮತ್ತೊಂದು ಮಾತೂ ಹೇಳಿದರು: "ಎಂಬತ್ತರ ಒಳಗೆ ಹೀಗಾಗೋದಿಲ್ಲ. ಈತ ನನಗೆ ಹೇಳದೆ ಕದ್ದು ಅಭ್ಯಾಸ ಮಾಡಿದ್ದಾನೆ." ಗಾರೆ "ಇಲ್ಲ ಡಾಕ್ಟ್ರೇ, ಒಂದು ಚೆಂಡೂ ಮುಟ್ಟಿಲ್ಲ" ಎಂದ. ಯಾರು ನಂಬುತ್ತಾರೆ? ಎಣಿಕೆಯವನ ಯಂತ್ರ ಎಪ್ಪತ್ತೊಂಬತ್ತು ಅನ್ನುತ್ತಿದೆ. ಯಂತ್ರ ಸುಳ್ಳು ಹೇಳುತ್ತದೆಯೇ? ಭಾವ ಸುಳ್ಳು ಹೇಳುತ್ತಾನೆಯೇ? ಸುಳ್ಳು ಹೇಳುವವನು ಇನ್ನು ಉಳಿದದ್ದು ಒಬ್ಬನೇ. ನಾನು ಡಾಕ್ಟರ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಾ ನಿಂತಿದ್ದೆ.

ಒಳಚಾವಣಿಗೆ ಗಾರೆ ಬಳಿಯುವವನ ಕೈ ಭುಜದ ಮೇಲೆ ಏಳದಿದ್ದರೆ ಅವನು ಏನು ಮಾಡಬೇಕು? ಸ್ವಲ್ಪ ದಿನ ನೆಲದ ಅಂಚಿನ ಕೆಲಸ ಮಾಡಿದ. ಆಮೇಲೆ ತನ್ನ ಕೈಕೆಳಗಿದ್ದವರಿಗೇ ಗಾರೆ ಕಲಸಿ ಕೊಟ್ಟ. ಆಮೇಲೆ ಅದೂ ಇಲ್ಲ. ಮನೆಯಲ್ಲಿ ತಂಗಿಯ ಮಾತು ಒಂದೇ: "ಕೈ ಹೋದ್ರೆ ಹೋಯ್ತು. ನಂಗೆ ಸುಳ್ಳು ಹೇಳಿದ್ರಲ್ಲ. ಎಲ್ಲಿ ಎಸೆದ್ರಿ, ಯಾವತ್ತು ಎಸೆದ್ರಿ, ಒಂದು ಸಲ ನಿಜ ಹೇಳ್ಬಿಡಿ, ಸುಮ್ಮನಾಗ್ತೀನಿ." ಅವನು ಇಲ್ಲ ಅನ್ನುತ್ತಿದ್ದ. ಅವಳು ಊಟ ಬಡಿಸಿ ಆಚೆ ಕೋಣೆಗೆ ಹೋಗುತ್ತಿದ್ದಳು. ನಾನು ಹೋದಾಗ "ನೀನಾದ್ರೂ ಬುದ್ಧಿ ಹೇಳಣ್ಣ" ಅನ್ನುತ್ತಿದ್ದಳು. ನಾನು ಬುದ್ಧಿ ಹೇಳಿದ್ದೇನೆ. ದೇವರಾಣೆ, ಅವನಿಗೆ ನಾನೇ ಬುದ್ಧಿ ಹೇಳಿದ್ದೇನೆ!

ಹನ್ನೊಂದನೆಯ ವರ್ಷ ಅವನಿಗೆ ನಮ್ಮ ಗೋದಾಮಿನಲ್ಲೇ ಕೆಲಸ ಕೊಡಿಸಿದೆ. ಹರಿದ ಚೀಲಗಳನ್ನು ಹೊಲಿಯುವ ಕೆಲಸ, ಕೂತು ಮಾಡುವಂಥದ್ದು. ಎಲ್ಲರೂ "ಭಾವ ಅಂದರೆ ಹೀಗಿರಬೇಕು" ಎಂದರು. ಮೊದಲ ವಾರ. ಮಧ್ಯಾಹ್ನ ಲಾರಿ ಇಳಿಯುತ್ತಿತ್ತು. ನಾನು ಬಾಗಿಲಲ್ಲಿ ನಿಂತು ಎಣಿಸುತ್ತಿದ್ದೆ. ಅವನು ಎದುರಿಗೇ ಕುಳಿತು ದಬ್ಬಣಕ್ಕೆ ದಾರ ಪೋಣಿಸುತ್ತಿದ್ದ. ಗಟ್ಟಿ ಚೀಲ ಬಂತು, ಟಿಕ್. ಗಟ್ಟಿ ಚೀಲ, ಟಿಕ್. ಹರಿದ ಚೀಲ ಬಂತು. ನನ್ನ ಕೈ ಎಡಜೇಬಿಗೆ ಹೋಗಿ ಬಲಜೇಬಿಗೆ ಬಂತು. ಅವನು ದಾರ ಪೋಣಿಸುವುದನ್ನು ನಿಲ್ಲಿಸಿದ. ಇನ್ನೊಂದು ಹರಿದ ಚೀಲ. ಎಡದಿಂದ ಬಲಕ್ಕೆ. ಅವನು ನನ್ನ ಕೈಯನ್ನೇ ನೋಡುತ್ತಿದ್ದ. ಪಂದ್ಯದ ದಿನ ನನ್ನ ಕೈ ಜೇಬಿಂದ ಜೇಬಿಗೆ ಓಡಾಡಿದ್ದು ಅವನಿಗೆ ಆಗ ನೆನಪಾಯಿತು. ಅವತ್ತು ಭಾವನಿಗೆ ತುರಿಕೆ ಎಂದು ನಗೆಯಾಡಿದವನು ಅವನೇ.

ಲಾರಿ ಖಾಲಿಯಾಗುವವರೆಗೂ ದಬ್ಬಣ ಹಿಡಿದೇ ಕುಳಿತಿದ್ದ. ಹಮಾಲರು ನೀರು ಕುಡಿಯಲು ಹೋದ ಮೇಲೆ ಕೇಳಿದ: "ಭಾವ, ಹರಿದ ಚೀಲ ಎಣಿಕೆಗಿಲ್ವಾ?"

"ಇಲ್ಲ" ಎಂದೆ.

"ಹೊತ್ತವನಿಗೆ ಅದೂ ಭಾರವೇ ಅಲ್ವಾ ಭಾವ?"

ಇಷ್ಟೇ ಹೇಳಿದ. ಕೂಗಲಿಲ್ಲ, ಅಂಗಿ ಹಿಡಿಯಲಿಲ್ಲ. ನಾನು ಅವನ ಕಾಲು ಹಿಡಿಯಲು ಬಗ್ಗಿದೆ. ಹಿಂದಕ್ಕೆ ಸರಿದು, "ಎಷ್ಟು, ಅದನ್ನೊಂದು ಹೇಳಿ" ಎಂದ. ನೂರಿಪ್ಪತ್ತು ಎಂದೆ. ತನ್ನ ತೋಳನ್ನು ಸವರಿಕೊಂಡ. "ಹಾಗಾದ್ರೆ ಚೆನ್ನಾಗೇ ತಡ್ಕೊಂಡಿದೆ" ಎಂದ. ಆಮೇಲೆ ಹೇಳಿದ: "ಅವಳಿಗೆ ಹೇಳೋದು ಬೇಡ ಭಾವ. ಅವಳಿಗೆ ತವರು ಅಂತ ಇರೋದು ನೀವೊಬ್ರೇ."

ಇದಾದ ಮೇಲೆ ಹದಿಮೂರು ವರ್ಷ ಬದುಕಿದ್ದ. ಹದಿಮೂರು ವರ್ಷವೂ ಅವಳು ಕೇಳಿದಳು, ಎಲ್ಲಿ ಎಸೆದ್ರಿ, ಯಾವತ್ತು ಎಸೆದ್ರಿ. ಮೊದಲೆಲ್ಲ ಇಲ್ಲ ಅನ್ನುತ್ತಿದ್ದವನು ಆಮೇಲೆ ಇಲ್ಲ ಅನ್ನುವುದನ್ನೂ ಬಿಟ್ಟ. ಅದನ್ನು ಅವಳು ಒಪ್ಪಿಗೆ ಎಂದು ತಿಳಿದಳು. ಹೋದ ವರ್ಷ ಆಸ್ಪತ್ರೆಯಲ್ಲಿ, ಕೊನೆಯ ವಾರ, ಬಿಸಿನೀರಿನ ಬಟ್ಟೆಯಿಂದ ಅವನ ಆ ಕೈಯನ್ನು ಒರೆಸುತ್ತಾ ಮತ್ತೆ ಕೇಳಿದಳು. "ಈಗಲಾದ್ರೂ ಹೇಳ್ರಿ. ಬೈಯಲ್ಲ." ನಾನು ಮಂಚದ ಆಚೆ ಬದಿಗೆ ನಿಂತಿದ್ದೆ. ಅವನು ನನ್ನ ಕಡೆ ಒಂದು ಸಲ ನೋಡಿದ. ಆಮೇಲೆ ಅವಳ ಕಡೆ ತಿರುಗಿ "ಹೂಂ ಕಣೇ, ಎಸೆದಿದ್ದೆ" ಎಂದ.

ಸುಳ್ಳು ಹೇಳಿ ಹೋದ, ಸಭಿಕರೇ. ಒಂದೇ ಒಂದು ಸುಳ್ಳು, ಅದೂ ನನಗಾಗಿ. ಅವಳು ಬೈಯಲಿಲ್ಲ, ಮಾತು ಉಳಿಸಿಕೊಂಡಳು. ಆದರೆ ಹೊರಗಿನ ಬೆಂಚಿಗೆ ಬಂದು ನನ್ನ ಭುಜದ ಮೇಲೆ ತಲೆಯಿಟ್ಟು ಅತ್ತಳು. "ಇಪ್ಪತ್ತನಾಲ್ಕು ವರ್ಷ ಸುಳ್ಳನ ಜೊತೆ ಬಾಳಿದ್ದೇನಣ್ಣ" ಎಂದಳು. ನಾನು ಅವಳ ತಲೆ ಸವರಿದೆ. ಚಿಕ್ಕವಳಿದ್ದಾಗ ಜಡೆ ಹಾಕಿದ ತಲೆ.

ತಂಗೀ, ಸಭೆಯಲ್ಲಿ ನಿನ್ನನ್ನು ಹೆಸರು ಹಿಡಿದು ಕರೆಯುವುದಿಲ್ಲ. ಮನೆಗೆ ಬಂದು ಹೇಳಬೇಕಿತ್ತು. ನಿನ್ನ ಮನೆಯ ಬಾಗಿಲವರೆಗೆ ಎಷ್ಟೋ ಸಲ ಬಂದಿದ್ದೇನೆ. ನೀನು "ಬಾ ಅಣ್ಣ" ಅಂದ ಕೂಡಲೇ ಬೇರೆ ಏನೋ ಮಾತಾಡಿ ಬಂದುಬಿಡುತ್ತಿದ್ದೆ. ಇಲ್ಲಿ ನೀನು ದೂರ ಕೂತಿದ್ದೀಯ, ಇಷ್ಟು ಜನ ಸಾಕ್ಷಿ ಇದ್ದಾರೆ, ಹಿಂದೆ ಸರಿಯಲು ನನಗೆ ದಾರಿಯಿಲ್ಲ. ನಿನ್ನ ಗಂಡ ಕದ್ದು ಎಸೆಯಲಿಲ್ಲ. ನಿನಗೆ ಕೊಟ್ಟ ಮಾತು ಮೀರಲಿಲ್ಲ. ಇನ್ನೂ ಹದಿನೆಂಟು ಇದೆ ಎಂದುಕೊಂಡೇ ಎದ್ದು ಹೋದ. ಸುಳ್ಳ ಅವನಲ್ಲ. ಸುಳ್ಳ ನಾನು. ಇಪ್ಪತ್ತನಾಲ್ಕು ವರ್ಷ ನೀನು ಅವನಿಗೆ ಬೈದದ್ದೆಲ್ಲ ನನಗೆ ಸೇರಬೇಕಾದದ್ದು, ವಿಳಾಸ ತಪ್ಪಿ ಅವನಿಗೆ ಹೋಯಿತು.

ಇಗೋ ಬಟ್ಟೆಯ ಗಂಟು. ಇಪ್ಪತ್ತೈದು ವರ್ಷ ಬೀರುವಿನಲ್ಲಿ ಬಟ್ಟೆಗಳ ಕೆಳಗಿತ್ತು. ನಲವತ್ತೊಂದು ಕಲ್ಲು. ಗೋದಾಮಿನ ಯಜಮಾನರು ಗೆಲುವಿನ ಸಂತೋಷಕ್ಕೆ ಈ ಯಂತ್ರವನ್ನು ನನಗೇ ಕೊಟ್ಟುಬಿಟ್ಟರು, ಗೋದಾಮಿಗೆ ಬೇರೆಯದು ತರಿಸಿದರು. ಅದನ್ನು ಮತ್ತೆ ಒತ್ತಿಲ್ಲ, ಎಪ್ಪತ್ತೊಂಬತ್ತರಲ್ಲೇ ನಿಂತಿದೆ. ಅಧ್ಯಕ್ಷರೇ, ಯಂತ್ರ ಇಡುವುದಾದರೆ ಪಕ್ಕದಲ್ಲಿ ಈ ಕಲ್ಲುಗಳನ್ನೂ ಇಡಬೇಕು. ಕೆಳಗೆ ನೂರಿಪ್ಪತ್ತು ಎಂದು ಬರೆಸಬೇಕು. ನೂರಿಪ್ಪತ್ತು ಎಸೆತ, ಕಿತ್ತುಹೋಗುತ್ತಿದ್ದ ಕೈಯಿಂದ. ಎಪ್ಪತ್ತೊಂಬತ್ತಕ್ಕಿಂತ ಅದು ದೊಡ್ಡದಲ್ಲವೇ? ಅವನಿಗೆ ಸಲ್ಲಬೇಕಾದ ನಲವತ್ತೊಂದನ್ನು ಇಷ್ಟು ವರ್ಷ ನಾನು ಜೇಬಿನಲ್ಲಿ ಇಟ್ಟುಕೊಂಡಿದ್ದೆ. ಮಕ್ಕಳೇ, ಅಂಗಿಗಳನ್ನು ಎಸೆಯಬೇಡಿ, ಚಳಿಗಾಲಕ್ಕೆ ಆಗುತ್ತದೆ. ನನಗೆಂದು ಮಾಡಿಸಿದ ಫಲಕ ಮಾತ್ರ ಬೇಡ. ಅದರ ಮೇಲೆ 'ತಪ್ಪದ ಎಣಿಕೆಗಾರ' ಎಂದು ಕೊರೆದಿದ್ದಾರೆ, ನೋಡಿದೆ.

ಎದ್ದಳು.

ದಯವಿಟ್ಟು ಯಾರೂ ಅವಳನ್ನು ತಡೆಯಬೇಡಿ. ಕಾರ್ಯದರ್ಶಿಗಳೇ, ಗ್ಲೌಸನ್ನು ಕೇಳಬೇಡಿ. ಅದು ಅವಳದು, ಎದೆಗೆ ಅವುಚಿಕೊಂಡಿದ್ದಾಳೆ, ತೆಗೆದುಕೊಂಡು ಹೋಗಲಿ. ಹಿಂದಿನ ಸಾಲಿನವರು ಸ್ವಲ್ಪ ಕಾಲು ಸರಿಸಿ. ಅವಳಿಗೆ ದಾರಿ ಬಿಡಿ. ಗಾಜಿನ ಪೆಟ್ಟಿಗೆಯಲ್ಲಿ ಆ ಜಾಗ ಖಾಲಿಯೇ ಇರಲಿ.

ಬಾಗಿಲ ಹತ್ತಿರ ನಿಂತು ತಿರುಗಿ ನೋಡುತ್ತಾಳೇನೋ ಎಂದುಕೊಂಡೆ. ನೋಡಲಿಲ್ಲ. ಅವಳಿಗೆ ಗಂಡ ಇವತ್ತು ಮರಳಿ ಸಿಕ್ಕಿದ. ತವರು ಇವತ್ತು ಹೋಯಿತು. ಅವನು ಹದಿಮೂರು ವರ್ಷ ಬಾಯಿ ಕಟ್ಟಿಕೊಂಡು ಕಾಯ್ದದ್ದನ್ನು ನಾನು ಒಂದೇ ಭಾಷಣದಲ್ಲಿ ಮುಗಿಸಿದೆ. ಸರಿ ಮಾಡಿದೆನೋ ತಪ್ಪು ಮಾಡಿದೆನೋ, ಅದನ್ನು ಅಳೆಯುವ ಯಂತ್ರ ನನ್ನ ಹತ್ತಿರ ಇಲ್ಲ.

ಹತ್ತು ನಿಮಿಷ ಯಾವಾಗಲೋ ಮೀರಿತು. ಗಂಟೆ ಬಾರಿಸದ ಅಧ್ಯಕ್ಷರಿಗೆ, ನಡುವೆ ಒಮ್ಮೆಯೂ ಚಪ್ಪಾಳೆ ತಟ್ಟದ ನಿಮಗೆ ನನ್ನ ವಂದನೆಗಳು. ಈಗಲೂ ತಟ್ಟಬೇಡಿ. ಹೊರಗೆ ಚಹಾ ಇದೆ, ಆರುವ ಮೊದಲು ಕುಡಿಯಿರಿ. ಹೋಗುವಾಗ ಗೋಡೆಯ ಮೇಲಿನ ಆ ಫೋಟೋವನ್ನು ಇನ್ನೊಂದು ಸಲ ನೋಡಿ. ಅವನು ಸಂತೋಷಕ್ಕೆ ಅಳುತ್ತಿರಲಿಲ್ಲ.

ನಮಸ್ಕಾರ.